ಕಣ್ಣೀರಿನ ನಡುವೆ ಕಾಗದ ಮರೆಯಬೇಡಿ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಬ್ಬದ ದಿನ ಸಾವಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾವು ಓದಿದ್ದು ಎಸ್.ಎಸ್.ಎಲ್.ಸಿ., ಕಾನೂನು ಪಂಡಿತರಲ್ಲ. ನಮ್ಮ ಮನೆಯಲ್ಲಿ ಆದದ್ದು ಯಾರ ಮನೆಯಲ್ಲೂ ಆಗದಿರಲಿ. ಆದರೆ ಆದಾಗ ನಾವು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಈ ನಾಲ್ಕು ಮಾತು.

ನಮ್ಮ ಜಿಲ್ಲೆಯಲ್ಲಿ ಎತ್ತ ನೋಡಿದರೂ ಹೆದ್ದಾರಿ. ನೆಲಮಂಗಲದ ಕಡೆ ತುಮಕೂರು ರಸ್ತೆ, ದೇವನಹಳ್ಳಿಯ ಕಡೆ ಬಳ್ಳಾರಿ ರಸ್ತೆ, ಹೊಸಕೋಟೆಯ ಕಡೆ ಕೋಲಾರದ ರಸ್ತೆ. ಇವನ್ನೆಲ್ಲ ಕೂಡಿಸಿಕೊಂಡು ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೋಗುವ ಹೆದ್ದಾರಿ ಬೇರೆ. ಹೊಲಕ್ಕೆ ಹೋಗಲಿಕ್ಕೂ ರಸ್ತೆ ದಾಟಬೇಕು, ಡೈರಿಗೆ ಹಾಲು ತರಲಿಕ್ಕೂ ದಾಟಬೇಕು. ಮೂರು ವರ್ಷದ ಹಿಂದೆ ಹಾಗೆ ದಾಟುವಾಗಲೇ ನಮ್ಮ ತಂಗಿಯ ಗಂಡನಿಗೆ ಲಾರಿ ಬಡಿಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡನೆಯ ದಿನ ಜೀವ ಹೋಯಿತು. ವಯಸ್ಸು ಮೂವತ್ತೆಂಟು. ಹೆಂಡತಿ, ಇಬ್ಬರು ಮಕ್ಕಳು, ಮುದುಕಿ ತಾಯಿ.

ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ಮೊದಲೇ ಲಾರಿ ಕಡೆಯವರು ಬಂದರು. ಐವತ್ತು ಸಾವಿರ ಕೊಡುತ್ತೇವೆ, ಈ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿ ಎಂದರು. ಅವರೂ ಬಡವರೇ, ರಾಜಿಯಾಗೋಣ ಎಂದು ನಮಗೂ ಅನ್ನಿಸಿತ್ತು. ಊರಿನ ಹಿರಿಯರೊಬ್ಬರು ತಡೆದರು: "ಲಾರಿಗೆ ವಿಮೆ ಇದ್ದರೆ ಕೊಡೋದು ವಿಮೆ ಕಂಪನಿ ಕಣಪ್ಪ, ಇವರಲ್ಲ. ನಿಮ್ಮ ಕೈಲಿ ಯಾಕೆ ಬರೆಸ್ಕೋತಾರೆ ಯೋಚನೆ ಮಾಡು." ಅವರು ಅಂದು ತಡೆಯದಿದ್ದರೆ ಇಂದು ಆ ಮಕ್ಕಳ ಗತಿ ಏನಾಗುತ್ತಿತ್ತೋ.

ನಮ್ಮ ತಂಗಿಯೂ ಒಪ್ಪಲಿಲ್ಲ. "ಅವರ ಹೆಣದ ಮೇಲಿನ ದುಡ್ಡು ನನಗೆ ಬೇಡ ಅಣ್ಣಾ" ಎಂದು ಅತ್ತಳು. ಅವಳ ಅಳು ನೋಡಲಾರದೆ ನಾವೂ ಸುಮ್ಮನಾದೆವು. ಹೀಗೆ ಐದು ತಿಂಗಳು ಕಳೆಯಿತು. ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಕೊನೆಗೆ ಅವಳಿಗೆ ಹೇಳಿದೆವು: "ಇದು ಜೀವದ ಬೆಲೆ ಅಲ್ಲಮ್ಮ. ಅವರು ಇದ್ದಿದ್ದರೆ ಮಕ್ಕಳಿಗೆ ದುಡಿದು ಹಾಕುತ್ತಿದ್ದ ಅನ್ನ." ಆಮೇಲೆ ಓಡಾಟ ಶುರುವಾಯಿತು.

ಮೊದಲು ಠಾಣೆಯಲ್ಲಿ ದೂರು. ದೂರು ಕೊಟ್ಟವರಿಗೆ ಎಫ್.ಐ.ಆರ್. ಪ್ರತಿ ಪುಕ್ಕಟೆ ಸಿಗಬೇಕು, ಕೇಳಿ ಪಡೆಯಿರಿ. ಮಹಜರು, ಶವದ ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ, ಲಾರಿಯ ವಿಮೆ ಮತ್ತು ಚಾಲಕನ ಲೈಸೆನ್ಸ್ ಪ್ರತಿ, ಇವೆಲ್ಲ ಬೇಕು. ದೇಹ ಕೊಯ್ಯಿಸುವುದು ಬೇಡವೆಂದು ಹಟ ಹಿಡಿಯಬೇಡಿ. ಹಾವು ಕಚ್ಚಿ ಸತ್ತರೂ ಅಷ್ಟೇ, ಆ ವರದಿ ಇಲ್ಲದಿದ್ದರೆ ಪರಿಹಾರ ಸಿಗುವುದು ಕಷ್ಟ.

ಮರಣ ಪತ್ರಕ್ಕೆ ನಾವು ನಮ್ಮೂರಿನಲ್ಲೇ ಅಲೆದೆವು. ಜೀವ ಎಲ್ಲಿ ಹೋಯಿತೋ ಅಲ್ಲೇ ನೋಂದಣಿ ಎಂದು ಆಮೇಲೆ ತಿಳಿಯಿತು. 21 ದಿನದೊಳಗೆ ನೋಂದಣಿಯಾದರೆ ಸಲೀಸು. ವಂಶವೃಕ್ಷಕ್ಕೆ ನಾಡಕಚೇರಿ. ಆಧಾರ್, ಪಹಣಿ, ರೇಷನ್ ಕಾರ್ಡು ಮೂರರಲ್ಲೂ ಭಾವನ ಹೆಸರು ಮೂರು ತರ ಇತ್ತು. ಅದನ್ನು ಸರಿ ಮಾಡಿಸಲು ಎಷ್ಟು ದಿನದ ಕೂಲಿ ಹೋಯಿತೋ ಲೆಕ್ಕವಿಲ್ಲ.

ವಕೀಲರು ಕೇಳಿದ ಒಂದು ಪ್ರಶ್ನೆಗೆ ಉತ್ತರವಿರಲಿಲ್ಲ: "ತಿಂಗಳಿಗೆ ಎಷ್ಟು ದುಡಿಯುತ್ತಿದ್ದರು? ಆಧಾರ ಏನಿದೆ?" ರೈತನ ಹತ್ತಿರ ಸಂಬಳದ ಚೀಟಿ ಎಲ್ಲಿಯದು? ಜಮೀನು ಅಲ್ಲೇ ಇದೆಯಲ್ಲ ಎಂದು ಎದುರು ಪಕ್ಷ ವಾದಿಸುತ್ತದೆ. ಆಗ ಕೈಹಿಡಿದದ್ದು ನಮ್ಮ ಸಂಘದ ಪುಸ್ತಕ. ಅವರು ಹಾಕಿದ ಹಾಲು, ಪಡೆದ ಬಟವಾಡೆ ಎಲ್ಲ ಅದರಲ್ಲಿತ್ತು. ಕಾರ್ಯದರ್ಶಿಗಳು ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು.

ಅದರ ಬೆಲೆ ಎಷ್ಟೆಂದು ಕೇಳಿ. ಸುಪ್ರೀಂ ಕೋರ್ಟಿನ 2009 ಮತ್ತು 2017ರ ತೀರ್ಪುಗಳಲ್ಲಿ ಲೆಕ್ಕ ಹಾಕುವ ಕ್ರಮವಿದೆ. ಸ್ವಂತ ದುಡಿಮೆಯ 38 ವರ್ಷದವರಿಗೆ ವರ್ಷದ ಆದಾಯಕ್ಕೆ ಶೇ. 40 ಸೇರಿಸಿ, ನಾಲ್ಕು ಜನ ಅವಲಂಬಿತರಿದ್ದರೆ ಕಾಲು ಭಾಗ ಕಳೆದು, 15ರಿಂದ ಗುಣಿಸುತ್ತಾರೆ. ತಿಂಗಳಿಗೆ 12,000 ಎಂದರೆ 22,68,000 ರೂಪಾಯಿ. 15,000 ಎಂದು ರುಜುವಾತಾದರೆ 28,35,000. ತಿಂಗಳಿಗೆ ಮೂರು ಸಾವಿರದ ಚೀಟಿ ಕಳೆದುಕೊಂಡರೆ ಮಕ್ಕಳಿಗೆ 5,67,000 ರೂಪಾಯಿ ನಷ್ಟ!

ಇನ್ನು ಕೆಲವು ಮಾತು. ನಾವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿ ಇಲ್ಲ, ಆದ್ದರಿಂದ ಮೊತ್ತ ತಿಳಿದು ಸಹಿ ಮಾಡಿ. ಗುದ್ದಿದ ವಾಹನ ಪತ್ತೆಯಾಗದಿದ್ದರೂ 2 ಲಕ್ಷ ಪರಿಹಾರದ ಯೋಜನೆಯಿದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟುವ ಸುರಕ್ಷಾ ಬಿಮಾ ಯೋಜನೆಯ 2 ಲಕ್ಷ ಬೇರೆಯೇ. ಭಾವನ ಪಾಸ್‌ಬುಕ್ಕಿನಲ್ಲಿ ಆ 20 ರೂಪಾಯಿ ಕಡಿತವಾಗಿತ್ತು. ನಾವು ಅದನ್ನು ತಿರುಗಿಸಿ ನೋಡಿದ್ದು ಬಹಳ ತಡವಾಗಿ. ಆರು ತಿಂಗಳು ಮೀರಿದ್ದರೂ ವಕೀಲರನ್ನು ಕೇಳದೆ ಆಸೆ ಬಿಡಬೇಡಿ.

ತಂಗಿಗೆ ಈಗ ತೀರ್ಪಾಗಿದೆ. ಮಕ್ಕಳ ಪಾಲನ್ನು ನ್ಯಾಯಾಲಯವೇ ಬ್ಯಾಂಕಿನಲ್ಲಿ ಠೇವಣಿ ಇಡಿಸಿದೆ. ಭಾವ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಅವಳೇ ಹಾಲು ಹಾಕುತ್ತಾಳೆ.

ಸಂಘದ ಮುಂದೆ ನಮ್ಮ ಬೇಡಿಕೆ ಎರಡೇ. ಪ್ರತಿ ಸದಸ್ಯರ ನಾಮಿನಿ ಹೆಸರು ಈ ವರ್ಷವೇ ಸರಿಪಡಿಸೋಣ. ಯಾರ ಮನೆಯಲ್ಲಿ ಇಂಥ ದುಃಖ ಬಂದರೂ ಇಬ್ಬರು ನಿರ್ದೇಶಕರು ಕಾಗದ ಪತ್ರದ ಓಡಾಟಕ್ಕೆ ಜೊತೆಗೆ ಹೋಗೋಣ. ಹೆಗಲು ಕೊಡಲು ಊರೇ ಬರುತ್ತದೆ. ಕಚೇರಿಗೆ ಬರುವವರು ಕಡಿಮೆ. ಸಹಕಾರ ಬೇಕಾದದ್ದು ಅಲ್ಲೇ.

 ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.