ಬಾಗಿಲ ಹಿಂದಿನ ದೋಣಿಯಂತ್ರ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಿಗೆ ದೋಣಿಯಂತ್ರದ ಗೊಡವೆ ಏಕೆಂದು ತಾವು ಕೇಳಬಹುದು. ನಮ್ಮ ಮನೆಯವರೂ ಅದನ್ನೇ ಕೇಳಿದರು. ನಾವು ಮೂವರು. ಇಬ್ಬರು ಬಿ.ಕಾಂ. ಮುಗಿಸಿ ಲೆಡ್ಜರು ಹಿಡಿದವರು. ಫಿಟ್ಟರ್ ಕೆಲಸ ಬಲ್ಲವರು ಒಬ್ಬರೇ.

ನಮ್ಮ ಚಾಳಿನ ಕೆಳಮನೆಯ ಅಜ್ಜ ಗಂಗೊಳ್ಳಿಯವರು. ಮುಂಬಯಿ ಬಂದರಿನ ಲಾಂಚುಗಳಲ್ಲಿ ಆಯುಷ್ಯ ಸವೆಸಿದವರು. 1974ರಲ್ಲಿ, ಇನ್ನೆರಡು ವರ್ಷಕ್ಕೆ ಊರು ಸೇರಿ ಪಂಚಗಂಗಾವಳಿಯಲ್ಲಿ ಸ್ವಂತ ದೋಣಿ ಇಳಿಸುವ ಎಣಿಕೆಯಿಂದ, ಸಮುದ್ರದಲ್ಲಿ ದುಡಿದು ಹಳತಾಗಿದ್ದ ಒಂದು ಸೀಗಲ್ ಯಂತ್ರವನ್ನು ಕೊಂಡರು. ಆ ಎರಡು ವರ್ಷ ಬರಲೇ ಇಲ್ಲ. ಮಕ್ಕಳ ಶಾಲೆ, ಮಗಳ ಮದುವೆ—ತಮಗೆ ವಿವರಿಸಬೇಕಾಗಿಲ್ಲ. ಯಂತ್ರ ಗೋಣಿಚೀಲ ಹೊದ್ದು ಬಾಗಿಲ ಹಿಂದೆ ನಿಂತಿತು. ಈಗ ಚಾಳನ್ನು ಕೆಡಹುವ ಕಾಲ ಬಂದು, ಮಗ ಅದನ್ನು ಗುಜರಿಗೆ ತೂಕ ಹಾಕಲು ಹೊರಟರು. ಅಜ್ಜ ಜಗಳವಾಡಲಿಲ್ಲ. ನಮ್ಮನ್ನು ಕರೆದು, "ಒಂದ್ಸಲ ತಿರ್ಸಿ ಕಾಣಿ ಮಾರಾಯ್ರೆ" ಎಂದರು, ಅಷ್ಟೇ. ಮನೆ ಬಿಡಲು ಆರು ವಾರ ಉಳಿದಿತ್ತು.

ದೋಣಿಯ ಹಿಂಬದಿಯ ಹಲಗೆಗೆ ತಿರುಪಿನಿಂದ ಬಿಗಿಯುವ ಯಂತ್ರವಿದು. ಮೇಲೆ ಎಂಜಿನ್, ಕೆಳಗೆ ನೀರಿನಲ್ಲಿ ಪಂಖ, ನಡುವೆ ಉದ್ದನೆಯ ಕೊಳವೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಯ ಮಿಲ್ವಾಕಿಯಲ್ಲಿ ನೆಲಸಿದ ಓಲ್ ಎವಿನ್‌ರೂಡ್ 1909ರಲ್ಲಿ ಇಂಥದನ್ನು ಮಾರುಕಟ್ಟೆಗೆ ತಂದು ಗೆದ್ದನು. ಸೀಗಲ್ ಇಂಗ್ಲೆಂಡಿನದು, 1931ರ ಸುಮಾರಿಗೆ ಆರಂಭವಾದದ್ದು. ಅಜ್ಜನದು 64 ಸಿ.ಸಿ.ಯ ಒಂಟಿ ಸಿಲಿಂಡರು, ಹಿತ್ತಾಳೆಯ ಟ್ಯಾಂಕು. ನೆತ್ತಿಯ ಗಾಲಿಗೆ ಹಗ್ಗ ಸುತ್ತಿ ಎಳೆಯಬೇಕು. ಕ್ಲಚ್ ಇಲ್ಲ, ಎಂಜಿನ್ ಹೊತ್ತಿತೆಂದರೆ ಪಂಖವೂ ತಿರುಗಿತೆಂದೇ ಅರ್ಥ.

ಮೊದಲ ಭಾನುವಾರವೇ ನಮ್ಮಿಂದ ಪ್ರಮಾದವಾಯಿತು. ಫಿಟ್ಟರ್ ಮಿತ್ರರು ಬರುವ ಮುನ್ನವೇ ಗುಮಾಸ್ತರಿಬ್ಬರೂ ಸ್ಪ್ಯಾನರ್ ಹಿಡಿದೆವು. ಇದರ ಬೋಲ್ಟುಗಳು ಹಳೆಯ ವಿಟ್‌ವರ್ತ್ ಅಳತೆಯವು. ನಮ್ಮ ಕೈಯಲ್ಲಿದ್ದುದು ಮಿಲಿಮೀಟರಿನದು. ಒಂದರ ಮೂಲೆಗಳು ಸವೆದು ದುಂಡಗಾದವು. ಹಟ ಬಿಡದೆ ಸಿಲಿಂಡರಿನ ಇನ್ನೊಂದು ಬೋಲ್ಟನ್ನು ತಿರುಗಿಸಿದೆವು. ತಲೆ ಕಿತ್ತು ಕೈಗೆ ಬಂತು. ಅಜ್ಜ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದರು. ಅವರು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಫಿಟ್ಟರ್ ಮಿತ್ರರು ಬಂದು ಎಲ್ಲ ಸಂದಿಗೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ವಾರ ಮುಟ್ಟಬೇಡಿರೆಂದು ಅಪ್ಪಣೆ ಮಾಡಿದರು. ವಾರದ ಮೇಲೆ ಉಳಿದ ಬೋಲ್ಟುಗಳು ಸಲೀಸಾಗಿ ಕಳಚಿದವು. ಮುರಿದುದನ್ನು ಮಾತ್ರ ಕೊರೆದು ತೆಗೆದು ಹೊಸ ಮರೆ ಹಾಕಬೇಕಾಯಿತು. ಸಿಲಿಂಡರಿನ ಸುತ್ತಲ ನೀರಿನ ದಾರಿಯಲ್ಲಿ ಉಪ್ಪೂ ತುಕ್ಕೂ ಸೇರಿ ಗಾರೆಯಂತೆ ಕಟ್ಟಿತ್ತು. ವಿನಿಗರಿನಲ್ಲಿ ನೆನೆಸಿ, ತಂತಿಯಿಂದ ಕೆದಕಿ, ಮತ್ತೆ ನೆನೆಸಿ ಬಿಡಿಸಿದೆವು. ಗೇರುಪೆಟ್ಟಿಗೆಯ ಎಣ್ಣೆ ಮಜ್ಜಿಗೆಯಂತಿದ್ದುದನ್ನು ಕಂಡು ಎದೆಯೊಡೆಯಿತು. ಆದರೆ ಸೀಗಲ್ಲಿಗೆ ಅದು ರೋಗವಲ್ಲ. ಅಲ್ಲಿಗೆ ಸ್ವಲ್ಪ ನೀರು ಸೇರುವುದು ಅದರ ಜಾತಿಧರ್ಮ. ಹಳತನ್ನು ಚೆಲ್ಲಿ ಮಂದವಾದ 140ರ ಎಣ್ಣೆ ತುಂಬಿದೆವು.

ಇನ್ನು ಕಿಡಿ. ಹಗ್ಗ ಎಳೆದೆಳೆದು ತೋಳು ಬಿದ್ದುಹೋದರೂ ಪ್ಲಗ್ಗಿನಲ್ಲಿ ಕಿಡಿಯಿಲ್ಲ. ಗಾಲಿಯ ಅಡಿಯಲ್ಲಿ ಮ್ಯಾಗ್ನೆಟೋ ಇದೆ. ಅದರ ಪುಟ್ಟ ಪಾಯಿಂಟುಗಳು ಕೂಡಿ ಅಗಲಿದಾಗಲೇ ಕಿಡಿ ಹುಟ್ಟುವುದು. ಅವು ಕಿಲುಬು ಹಿಡಿದಿದ್ದವು. ನಯವಾದ ಕಾಗದದಿಂದ ಉಜ್ಜಿ, ಕೊನೆಗೆ ಪೆಟ್ರೋಲಿನಲ್ಲಿ ಅದ್ದಿದ ವಿಸಿಟಿಂಗ್ ಕಾರ್ಡಿನಿಂದ ಒರಸಿ (ಬಿ.ಕಾಂ. ಪದವಿ ಉಪಯೋಗಕ್ಕೆ ಬಂದದ್ದು ಇಲ್ಲೊಂದೇ), ಅಂತರವನ್ನು ಅರ್ಧ ಮಿಲಿಮೀಟರಿಗೆ ಸರಿಪಡಿಸಿದೆವು. ಆಗಲೂ ಕಿಡಿಯಿಲ್ಲ. ಕಂಡೆನ್ಸರ್ ಸತ್ತಿತ್ತು. ಹಳೆಯ ಸ್ಕೂಟರಿನದೊಂದನ್ನು ತಂದು ಹೊಂದಿಸಿದಾಗ, ಕತ್ತಲಾದ ಅಂಗಳದಲ್ಲಿ ನೀಲಿ ಚುಕ್ಕೆಯೊಂದು ಚಟ್ಟೆಂದಿತು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಬಣ್ಣ ಬಳಿದು ಹೊಸದರಂತೆ ಮಾಡೋಣವೆಂದು ನಮ್ಮೊಳಗೊಬ್ಬರು ವಾದಿಸಿದರು. ಟ್ಯಾಂಕಿನ ತಗ್ಗು ಯಾವ ಬಂದರಿನಲ್ಲಿ ಬಿದ್ದ ಪೆಟ್ಟೋ, ಅಳಿಸಲು ನಾವಾರು? ಒಳಗನ್ನು ತೊಳೆದು ಹೊರಗನ್ನು ಹಾಗೆಯೇ ಬಿಟ್ಟೆವು.

ಐದನೆಯ ಭಾನುವಾರ ಅಂಗಳದಲ್ಲಿ ನೀರು ತುಂಬಿದ ಪೀಪಾಯಿಗೆ ಯಂತ್ರವನ್ನು ಬಿಗಿದೆವು. ಹತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಹಳೆಯ ಸೀಗಲ್ಲಿಗೆ ಅದೇ ಪ್ರಮಾಣ. ಹಗ್ಗವನ್ನು ಅಜ್ಜನೇ ಸುತ್ತಿದರು, ಎಳೆದವರು ನಾವು. ಏಳನೆಯ ಎಳೆತಕ್ಕೆ ಕೆಮ್ಮಿತು, ಒಂಬತ್ತನೆಯದಕ್ಕೆ ಹೊತ್ತಿತು. ಪಂಖ ತಿರುಗಿ ಪೀಪಾಯಿಯ ಅರ್ಧ ನೀರು ನಮ್ಮ ಮೇಲೆಯೇ ಬಿತ್ತು. ನೀಲಿ ಹೊಗೆ ಮೂರನೆಯ ಮಾಳಿಗೆಗೂ ಏರಿತು. ಬೈಯಲು ಇಣುಕಿದವರು ಅಜ್ಜನ ಮುಖ ನೋಡಿ ಸುಮ್ಮನಾದರು. ಕಿವಿ ಮಂದವಾಗಿರುವ ಅಜ್ಜ ಟ್ಯಾಂಕಿನ ಮೇಲೆ ಅಂಗೈಯಿಟ್ಟು, ನೀರು ಮುಗಿಯುವೆವೆಂದು ನಾವು ನಿಲ್ಲಿಸುವವರೆಗೂ ತೆಗೆಯಲಿಲ್ಲ.

ಗುಜರಿಯ ಮಾತು ಅಲ್ಲಿಗೆ ನಿಂತಿತು. ಗಂಗೊಳ್ಳಿಯಲ್ಲಿರುವ ಸೋದರಳಿಯನಿಗೆ ಕೊಡುವುದೆಂದು ಮಗನೇ ಹೇಳಿದರು. ಈಗಿನ ಪೆಟ್ರೋಲಿನ ಎಥೆನಾಲ್ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಪ್ರತಿ ಸಲವೂ ಟ್ಯಾಂಕು ಬರಿದುಮಾಡಿ ಇಡಬೇಕೆಂದು ಚೀಟಿ ಬರೆದು ಕಟ್ಟಿದೆವು. ಎಣ್ಣೆ, ಪೆಟ್ರೋಲು ಪೂರ್ತಿ ಬಸಿದು, ಅದೇ ಗೋಣಿಚೀಲದಲ್ಲಿ ಸುತ್ತಿ ಕುಂದಾಪುರದ ಬಸ್ಸಿಗೆ ಏರಿಸಲು ಹೊರಟಾಗ ಅಜ್ಜ ಹಗ್ಗವನ್ನು ಮಾತ್ರ ಬಿಚ್ಚಿಕೊಂಡರು.

"ಇದ್ ಇಲ್ಲೇ ಇರ್ಲಿ. ಊರಗೆ ಹಗ್ಗಕ್ಕೇನ್ ಬರ್ಗಾಲವಾ?" ಎಂದರು.