ಶಾಲಾ ಶುಶ್ರೂಷಕಿಯರೂ ಸಂಘಜೀವನವೂ

(ಉಪನ್ಯಾಸ)



ವೈದ್ಯಶಾಸ್ತ್ರದ ಪ್ರಾಚೀನ ಆಚಾರ್ಯರಲ್ಲೊಬ್ಬರಾದ ಚರಕರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿರುವರು. ವೈದ್ಯನು, ಔಷಧವು, ಪರಿಚಾರಕನು, ರೋಗಿಯು ಎಂಬ ಈ ನಾಲ್ಕರಲ್ಲಿ ಒಂದು ಕುಂಟಾದರೂ ಚಿಕಿತ್ಸೆಯು ನೆಲೆನಿಲ್ಲಲಾರದು. ಪರಿಚಾರಕನಿಗೆ ಇರತಕ್ಕ ಗುಣಗಳೂ ನಾಲ್ಕೇ: ಉಪಚಾರದ ಅರಿವು, ಕಾರ್ಯದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಲೋಕವು ವೈದ್ಯನ ಹೆಸರನ್ನು ಫಲಕದ ಮೇಲೆ ಬರೆಯಿಸುತ್ತದೆ. ಔಷಧಕ್ಕೆ ಹಣವನ್ನು ತೆರುತ್ತದೆ. ರೋಗಿಯನ್ನು ಕಂಡು ಮರುಗುತ್ತದೆ. ಪರಿಚಾರಿಕೆಯನ್ನು ಮಾತ್ರ ಮರೆತುಬಿಡುತ್ತದೆ. ಆಸ್ಪತ್ರೆಯ ಪರಿಚಾರಿಕೆಗಾದರೂ ಅಕ್ಕಪಕ್ಕದಲ್ಲಿ ಜೊತೆಗಾತಿಯರುಂಟು. ಶಾಲೆಯಲ್ಲಿ ನೂರಾರು ಮಕ್ಕಳ ನಡುವೆ ಕೆಲಸಮಾಡುವ ಶುಶ್ರೂಷಕಿಯು ತನ್ನ ವಿದ್ಯೆಯಲ್ಲಿ ಒಬ್ಬಂಟಿಗಳು. ಆಕೆ ತನ್ನ ವೃತ್ತಿಯವರ ಸಂಘದಲ್ಲಿ ಏಕೆ ಸೇರಬೇಕು, ಸೇರಿ ಏನು ಮಾಡಬೇಕು, ಶಾಲೆಗಳನ್ನು ನಡೆಯಿಸುವವರು ಅದಕ್ಕೆ ಹೇಗೆ ನೆರವಾಗಬೇಕು ಎಂಬುದೇ ಇಂದಿನ ವಿಷಯವು.

ಶಾಲಾ ಶುಶ್ರೂಷೆಯೆಂಬುದು ಬಹು ಹಳೆಯ ವೃತ್ತಿಯಲ್ಲ. 1902ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಅಮೇರಿಕದ ನ್ಯೂಯಾರ್ಕ್ ನಗರದಲ್ಲಿ ಲಿನಾ ರೋಜರ್ಸ್ ಎಂಬ ಶುಶ್ರೂಷಕಿಯನ್ನು ನಾಲ್ಕು ಶಾಲೆಗಳ ಮಕ್ಕಳಿಗಾಗಿ ನಿಯಮಿಸಿದರು. ಅಲ್ಲಿಯ ವೈದ್ಯರು ಕಣ್ಣುಬೇನೆ, ಕಜ್ಜಿ, ಹೇನು ಮೊದಲಾದವು ಇರುವ ಮಕ್ಕಳನ್ನು ಹುಡುಕಿ ಶಾಲೆಯಿಂದ ಹೊರಗೆ ಕಳುಹಿಸುತ್ತಿದ್ದರು. ಹಾಗೆ ಹೋದ ಬಡಮಕ್ಕಳಿಗೆ ಮನೆಯಲ್ಲಿ ಚಿಕಿತ್ಸೆಯೂ ಇಲ್ಲ, ಶಾಲೆಯಲ್ಲಿ ಪಾಠವೂ ಇಲ್ಲ. ಲಿನಾ ರೋಜರ್ಸ್ ಶಾಲೆಯಲ್ಲಿಯೇ ಗಾಯವನ್ನು ತೊಳೆದು ಮದ್ದು ಹಚ್ಚಿದಳು. ಸಂಜೆ ಮಕ್ಕಳ ಮನೆಗಳಿಗೆ ಹೋಗಿ ತಾಯಂದಿರಿಗೆ ಶುಚಿತ್ವವನ್ನು ಕಲಿಸಿದಳು. ಬಹು ಬೇಗನೆ ಮತ್ತೆ ಹಲವು ಶುಶ್ರೂಷಕಿಯರು ಆಕೆಯ ಜೊತೆಗೆ ಬಂದರು. 1902ರ ಸೆಪ್ಟೆಂಬರಿನಲ್ಲಿ ಹೀಗೆ ಹೊರಗೆ ಹಾಕಲ್ಪಟ್ಟ ಮಕ್ಕಳು ಹತ್ತು ಸಾವಿರಕ್ಕೂ ಮೀರಿದ್ದರೆ, ಮರುವರುಷದ ಅದೇ ತಿಂಗಳಲ್ಲಿ ಆ ಸಂಖ್ಯೆಯು ಸುಮಾರು ಸಾವಿರದ ನೂರಕ್ಕೆ ಇಳಿಯಿತು. ರೋಗವಿರುವ ಮಗುವನ್ನು ದೂರಮಾಡುವುದಲ್ಲ, ಮಗುವಿನಿಂದ ರೋಗವನ್ನು ದೂರಮಾಡುವುದೇ ಈ ವೃತ್ತಿಯ ಧರ್ಮವೆಂಬುದು ಇದರಿಂದ ಸಿದ್ಧವಾಗುತ್ತದೆ.

ಭರತಖಂಡದಲ್ಲಿ ಶಾಲಾಮಕ್ಕಳ ವೈದ್ಯಪರೀಕ್ಷೆಯು 1909ರಲ್ಲಿ ಬರೋಡಾ ನಗರದಲ್ಲಿ ಮೊದಲಾಯಿತು. ಸ್ವಾತಂತ್ರ್ಯಾನಂತರ 1960ರಲ್ಲಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಶಾಲಾ ಆರೋಗ್ಯ ಸಮಿತಿಯು ನೇಮಕವಾಗಿ ಮರುವರುಷ ತನ್ನ ವರದಿಯನ್ನು ಒಪ್ಪಿಸಿತು. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಆರಂಭವಾಯಿತು. ಅದರ ಪ್ರತಿಯೊಂದು ಸಂಚಾರಿ ತಂಡದಲ್ಲಿ ಇಬ್ಬರು ವೈದ್ಯರು, ಒಬ್ಬ ಶುಶ್ರೂಷಕಿ, ಒಬ್ಬ ಔಷಧಿ ವಿತರಕರು ಇರತಕ್ಕದ್ದೆಂದು ನಿಯಮವುಂಟು. 2020ರಲ್ಲಿ ಆಯುಷ್ಮಾನ್ ಭಾರತದ ಅಡಿಯಲ್ಲಿ ಪ್ರತಿ ಶಾಲೆಯ ಇಬ್ಬರು ಉಪಾಧ್ಯಾಯರಿಗೆ ಆರೋಗ್ಯದ ತರಬೇತನ್ನು ಕೊಡುವ ಯೋಜನೆಯೂ ಬಂದಿತು. ಇವೆಲ್ಲವೂ ಒಳ್ಳೆಯವೇ. ಆದರೆ ತಂಡವು ಶಾಲೆಗೆ ಬರುವುದು ವರುಷಕ್ಕೊಮ್ಮೆ. ಮಗುವಿಗೆ ಬೇನೆ ಬರುವುದು ಯಾವ ದಿನವೆಂದು ಬಲ್ಲವರಾರು?

ದಾವಣಗೆರೆ ಹರಿಹರಗಳ ಸ್ಥಿತಿಯನ್ನು ನೋಡಿರಿ. ಇಲ್ಲಿಯ ಸಾಮಾನ್ಯ ಸರಕಾರಿ ಶಾಲೆಗಳಲ್ಲಿ ಶುಶ್ರೂಷಕಿಯೆಂಬ ಪ್ರತ್ಯೇಕ ಹುದ್ದೆಯೇ ಇಲ್ಲ. ಉಪಕೇಂದ್ರದ ಆರೋಗ್ಯ ಸಹಾಯಕಿಯು ಬಾಣಂತಿಯರನ್ನೂ ಹಸುಗೂಸುಗಳನ್ನೂ ನೋಡಿಕೊಂಡು, ಉಳಿದ ವೇಳೆಯಲ್ಲಿ ಶಾಲೆಗೂ ಬಂದು, ಹತ್ತು ಮತ್ತು ಹದಿನಾರು ವರುಷದ ಮಕ್ಕಳಿಗೆ ಧನುರ್ವಾಯುವಿನ ಲಸಿಕೆಯನ್ನು ಹಾಕಿ ಹೋಗುವಳು. ನವೋದಯ, ಮುರಾರ್ಜಿ ದೇಸಾಯಿ ಮೊದಲಾದ ವಸತಿಶಾಲೆಗಳಲ್ಲಿಯೂ ಕೆಲವು ಖಾಸಗಿ ವಿದ್ಯಾಸಂಸ್ಥೆಗಳಲ್ಲಿಯೂ ಮಾತ್ರ ಶುಶ್ರೂಷಕಿಯರು ನೆಲೆಸಿರುವರು. ಹೀಗೆ ಒಬ್ಬಳು ತಂಡದಲ್ಲಿ, ಒಬ್ಬಳು ಉಪಕೇಂದ್ರದಲ್ಲಿ, ಒಬ್ಬಳು ವಸತಿಶಾಲೆಯಲ್ಲಿ, ಒಬ್ಬಳು ಖಾಸಗಿ ಶಾಲೆಯಲ್ಲಿ. ಮಾಡುವ ಕೆಲಸವು ಒಂದೇ ಜಾತಿಯದು. ಕಾಯುವ ಮಕ್ಕಳು ಒಂದೇ ಊರಿನವರು. ಆದರೆ ಒಬ್ಬಳ ಮುಖವನ್ನು ಇನ್ನೊಬ್ಬಳು ಕಂಡಿರುವುದಿಲ್ಲ. ದಾವಣಗೆರೆಯು ಸಂಘವನ್ನರಿಯದ ಊರಲ್ಲ. ಹತ್ತಿಯ ವರ್ತಕರಿಗೆ ಸಂಘವುಂಟು, ಗಿರಣಿಯ ಕಾರ್ಮಿಕರು ಸಂಘದಿಂದಲೇ ಹೆಸರಾದರು, ಹಮಾಲರಿಗೂ ಸಂಘವುಂಟು. ಮಕ್ಕಳ ಜೀವವನ್ನು ಕಾಯುವವಳು ಮಾತ್ರ ಏಕಾಕಿನಿಯಾಗಿರುವುದು ಉಚಿತವೇ?

ಆಕೆಗೆ ಸೇರತಕ್ಕ ಸಂಘವು ಇಲ್ಲವೆಂದಲ್ಲ. 1905ರಲ್ಲಿ ಲಖನೌ ನಗರದಲ್ಲಿ ಶುಶ್ರೂಷಾ ಮೇಲ್ವಿಚಾರಕಿಯರ ಸಂಘವೊಂದು ಹುಟ್ಟಿತು. 1908ರಲ್ಲಿ ಭಾರತದ ತರಬೇತಿ ಹೊಂದಿದ ಶುಶ್ರೂಷಕಿಯರ ಸಂಘವು ಸ್ಥಾಪಿತವಾಯಿತು. 1922ರಲ್ಲಿ ಎರಡೂ ಒಂದಾದುವು. ಈ ಸಂಘವು 1910ರಿಂದ ತನ್ನದೇ ಪತ್ರಿಕೆಯನ್ನು ಹೊರಡಿಸಿತು. 1912ರಲ್ಲಿ ಅಂತರರಾಷ್ಟ್ರೀಯ ಶುಶ್ರೂಷಕಿಯರ ಪರಿಷತ್ತಿನ ಅಂಗವಾಯಿತು. ಆರೋಗ್ಯ ಸಂದರ್ಶಕಿಯರಿಗೆ 1922ರಲ್ಲಿ, ಸೂಲಗಿತ್ತಿಯರಿಗೂ ಸಹಾಯಕ ಶುಶ್ರೂಷಕಿಯರಿಗೂ 1925ರಲ್ಲಿ, ವಿದ್ಯಾರ್ಥಿನಿಯರಿಗೆ 1929ರಲ್ಲಿ ಅದರ ಆಶ್ರಯದಲ್ಲಿಯೇ ಶಾಖೆಗಳು ಹುಟ್ಟಿದುವು. ಕರ್ನಾಟಕದಲ್ಲಿಯೂ ಅದರ ರಾಜ್ಯಶಾಖೆಯುಂಟು. ಅಮೇರಿಕದಲ್ಲಿ ಶಾಲಾ ಶುಶ್ರೂಷಕಿಯರು 1968ರಲ್ಲಿ ಉಪಾಧ್ಯಾಯರ ಮಹಾಸಂಘದೊಳಗೆ ಒಂದು ವಿಭಾಗವಾಗಿ ಕೂಡಿ, 1979ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ದೊಡ್ಡ ಸಂಘದೊಳಗೆ ಮೊದಲು ಚಿಕ್ಕ ಗುಂಪಾಗಿ ಕೂಡಿ, ಬಲಿತ ಮೇಲೆ ಸ್ವತಂತ್ರವಾಗಿ ನಿಲ್ಲುವ ಈ ಕ್ರಮವು ಇಲ್ಲಿಯವರಿಗೂ ಅನುಕರಣೀಯವು.

ಇಲ್ಲಿ ಒಂದು ಭೇದವನ್ನು ಅರಿಯತಕ್ಕದ್ದು. ಪರಿಷತ್ತು ಬೇರೆ, ಸಂಘವು ಬೇರೆ. 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯೂ, ಅದರ ಸ್ಥಾನಕ್ಕೆಂದು ಸಂಸತ್ತು 2023ರಲ್ಲಿ ಅಂಗೀಕರಿಸಿದ ಶುಶ್ರೂಷಾ ಮತ್ತು ಪ್ರಸೂತಿಕಾ ಆಯೋಗದ ಕಾಯಿದೆಯೂ ಸರಕಾರದವು. ರಾಜ್ಯ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸದೆ ಈ ವೃತ್ತಿಯನ್ನು ಮಾಡುವಂತಿಲ್ಲ, ಅದು ಕಟ್ಟಳೆ. ಸಂಘವಾದರೋ ಸ್ವೇಚ್ಛೆಯಿಂದ ಸೇರುವಂಥದು. ಕಟ್ಟಳೆಯು ವೃತ್ತಿಗೆ ಅನುಮತಿಯನ್ನು ಕೊಡುತ್ತದೆ. ಸಂಘವು ವೃತ್ತಿಗೆ ಬಲವನ್ನು ಕೊಡುತ್ತದೆ.

ಆ ಬಲವು ಎಂಥದೆಂಬುದನ್ನು ಮೊದಲು ಹೇಳಿದ ನಾಲ್ಕು ಗುಣಗಳಿಂದಲೇ ಪರೀಕ್ಷಿಸಬಹುದು.

ಮೊದಲನೆಯದು ಉಪಚಾರದ ಅರಿವು. ತರಗತಿಯಲ್ಲಿ ಒಂದು ಮಗುವಿಗೆ ಮೂರ್ಛೆರೋಗವು ಬಂದಿತೆನ್ನಿರಿ. ಸುತ್ತಲಿನವರು ಕೈಗೆ ಕಬ್ಬಿಣವನ್ನು ಕೊಡುವರು, ಮೂಗಿಗೆ ಈರುಳ್ಳಿಯನ್ನು ಹಿಡಿಯುವರು, ಹಲ್ಲಿನ ನಡುವೆ ಚಮಚೆಯನ್ನು ತುರುಕುವರು. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಬೇಕು, ಕೊರಳ ಬಟ್ಟೆಯನ್ನು ಸಡಿಲಿಸಬೇಕು, ಬಾಯಿಗೆ ಏನನ್ನೂ ಇಡಬಾರದು, ಗಡಿಯಾರವನ್ನು ನೋಡಬೇಕು, ಐದು ನಿಮಿಷ ಮೀರಿದರೆ 108ಕ್ಕೆ ಕರೆಮಾಡಬೇಕು ಎಂಬುದನ್ನು ಬಲ್ಲವಳು ಶುಶ್ರೂಷಕಿ. ಆದರೆ ಆಕೆ ಕಲಿತು ಇಪ್ಪತ್ತು ವರುಷಗಳಾಗಿರಬಹುದು. ಶಾಸ್ತ್ರವು ದಿನದಿನಕ್ಕೆ ಬೆಳೆಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಮಗುವು ಬೆವರಿ ನಡುಗಿದಾಗ, ಎಚ್ಚರವಿದ್ದರೆ ಕೂಡಲೆ ಸಕ್ಕರೆಯನ್ನು ಕೊಡಬೇಕೆಂಬುದೂ, ಉಬ್ಬಸದ ಮಗುವಿಗೆ ಸೇದುವ ಔಷಧವನ್ನು ಹೇಗೆ ಹಿಡಿಯಬೇಕೆಂಬುದೂ ಕಂಡು ಕೇಳಿ ಕಲಿಯತಕ್ಕವು. ಪಾಠಶಾಲೆಯಲ್ಲಿ ಸಹಪಾಠಿಗಳೊಡನೆ ಚಿಂತನೆಮಾಡದ ವಿದ್ಯೆಯು ಹೇಗೆ ಮಾಸುವುದೋ ಇದೂ ಹಾಗೆಯೇ.

ಎರಡನೆಯದು ದಕ್ಷತೆ. ವಸತಿಶಾಲೆಯಲ್ಲಿ ನಡುರಾತ್ರಿ ಹುಡುಗಿಯೊಬ್ಬಳು ಹೊಟ್ಟೆನೋವಿನಿಂದ ಹೊರಳುವಳು. ಬೆಳಗಿನವರೆಗೆ ಕಾಯಬೇಕೆ, ಈಗಲೇ ಚಿಗಟೇರಿ ಆಸ್ಪತ್ರೆಗೆ ಕಳುಹಿಸಬೇಕೆ? ಕಳುಹಿಸಿ ಏನೂ ಇಲ್ಲವೆಂದಾದರೆ ನಗುವರು. ಕಾಯ್ದು ಕೇಡಾದರೆ ಮಗುವಿನ ಜೀವಕ್ಕೇ ಅಪಾಯ. ಇಂಥ ಗಳಿಗೆಯಲ್ಲಿ ದೂರವಾಣಿಯಲ್ಲಿ ಕೇಳಲು ಅನುಭವಸ್ಥಳಾದ ಒಬ್ಬ ಅಕ್ಕನು ಇದ್ದರೆ ನಿರ್ಧಾರವು ನೆಟ್ಟಗಾಗುತ್ತದೆ. ಸಂಘವೆಂದರೆ ಇದೇ.

ಮೂರನೆಯದು ಅನುರಾಗ. ಇದು ಹುಟ್ಟುಗುಣವೆಂದು ಹೇಳುವುದುಂಟು. ಆದರೆ ಎಣ್ಣೆಯಿಲ್ಲದ ದೀಪವು ಎಷ್ಟು ಹೊತ್ತು ಉರಿದೀತು? ಕಪ್ಪುಹಲಗೆ ಕಾಣದ ಹುಡುಗನನ್ನು ದಡ್ಡನೆಂದು ಹಿಂದಿನ ಸಾಲಿಗೆ ತಳ್ಳಿರುವರು. ಶುಶ್ರೂಷಕಿಯು ಕಣ್ಣನ್ನು ಪರೀಕ್ಷಿಸಿ ಚೀಟಿಯನ್ನು ಬರೆದುಕೊಟ್ಟಳು. ತಂದೆಗೆ ಕೂಲಿ ತಪ್ಪುವುದೆಂದು ಆಸ್ಪತ್ರೆಗೆ ಹೋಗಲಿಲ್ಲ. ಮರುವರುಷವೂ ಅದೇ ಚೀಟಿ. ಹೀಗೆ ಮೂರು ವರುಷ ನಡೆದರೆ ಎಂಥ ಅನುರಾಗವೂ ಬತ್ತುವುದು. ತನ್ನಂತೆಯೇ ಬಳಲಿದವರನ್ನು ಕಂಡು, ಒಬ್ಬಳು ಹೇಗೆ ತಂದೆಯನ್ನು ಒಪ್ಪಿಸಿದಳೆಂಬುದನ್ನು ಕೇಳಿದಾಗ ಅದು ಮರಳಿ ಚಿಗುರುತ್ತದೆ.

ನಾಲ್ಕನೆಯದು ಶುಚಿತ್ವ. ಇದು ಕೈಯ ಶುಚಿತ್ವ ಮಾತ್ರವಲ್ಲ, ನಡತೆಯದೂ ಹೌದು. ಮಗುವಿನ ಬೇನೆಯ ಗುಟ್ಟನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು? ವೈದ್ಯರ ಬರಹವಿಲ್ಲದೆ ಮಾತ್ರೆಯನ್ನು ಕೊಡೆಂದು ಮೇಲಿನವರು ಹೇಳಿದರೆ ಏನು ಮಾಡಬೇಕು? ಒಬ್ಬಳೇ ಇಲ್ಲವೆಂದರೆ ಅವಿಧೇಯತೆಯೆನ್ನಿಸುವುದು. ವೃತ್ತಿಯವರೆಲ್ಲ ಸೇರಿ ಗೆರೆಯನ್ನು ಎಳೆದಿದ್ದರೆ ಅದು ನಿಯಮವೆನ್ನಿಸುವುದು.

ಇದಕ್ಕೆ ಕೆಲವು ಆಕ್ಷೇಪಗಳನ್ನು ತರುವುದುಂಟು. ಸೇವೆಯು ನಿಷ್ಕಾಮವಾದ ಕಾಯಕವು, ಅದಕ್ಕೆ ಸಂಘವೇಕೆ ಎಂಬುದು ಒಂದು. ನಿಷ್ಕಾಮತೆಯೆಂದರೆ ಫಲವನ್ನು ತನಗಾಗಿ ಬಯಸದಿರುವುದು. ಕಾರ್ಯವು ಕೆಟ್ಟರೂ ಸರಿಯೆಂದು ಸುಮ್ಮನಿರುವುದಲ್ಲ. ಸಂಘವೆಂದರೆ ಕಲಹವು, ಮುಷ್ಕರವು ಎಂಬುದು ಎರಡನೆಯದು. ಸಂಬಳಕ್ಕಾಗಿ ಕೇಳುವುದೂ ಅನ್ಯಾಯವಲ್ಲ. ಗುತ್ತಿಗೆಯ ಮೇಲೆ ದುಡಿಯುವವಳಿಗೆ ಹೊಟ್ಟೆಯುಂಟಷ್ಟೆ. ಆದರೆ ವೃತ್ತಿಸಂಘದ ಮುಖ್ಯೋದ್ದೇಶವು ವೃತ್ತಿಯ ವಿದ್ಯೆಯನ್ನೂ ಮರ್ಯಾದೆಯನ್ನೂ ಕಾಯುವುದು. ಮನೆ, ಶಾಲೆ, ಬಸ್ಸುಗಳ ನಡುವೆ ವೇಳೆಯೆಲ್ಲಿ ಎಂಬುದು ಮೂರನೆಯದು. ಇದು ನಿಜವಾದ ಕಷ್ಟ. ಆದರೆ ದಾವಣಗೆರೆಗೂ ಹರಿಹರಕ್ಕೂ ಅಂತರವು ಸುಮಾರು 14 ಕಿಲೋಮೀಟರು. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ, ಎರಡು ಗಂಟೆಯ ಕೂಟವು ಅಸಾಧ್ಯವಲ್ಲ. ಚಂದಾ ಕೊಟ್ಟರೂ ಏನೂ ದೊರೆಯದು ಎಂಬುದು ಕಡೆಯದು. ಚಂದಾ ಕೊಟ್ಟು ಮನೆಯಲ್ಲಿ ಕುಳಿತವರಿಗೆ ದೊರೆಯದಿರುವುದು ಸಹಜವೇ. ಬಾವಿಗೆ ಹಗ್ಗವನ್ನು ಇಳಿಬಿಡದವನು ನೀರಿಲ್ಲವೆಂದರೆ ಬಾವಿಯ ತಪ್ಪೇ?

ಹಾಗಾದರೆ ಸೇರಿದವಳು ಮಾಡತಕ್ಕದ್ದೇನು? ಮೊದಲು ನೋಂದಣಿಯ ಪತ್ರವನ್ನು ತೋರಿಸಿ ಸದಸ್ಯಳಾಗಬೇಕು. ಸಂಘದ ಪತ್ರಿಕೆಯನ್ನು ಓದಬೇಕು. ಬಳಿಕ ಕೂಟಕ್ಕೆ ಹೋಗುವಾಗ ತನ್ನ ಶಾಲೆಯ ಒಂದು ಪ್ರಶ್ನೆಯನ್ನು ಕೊಂಡೊಯ್ಯಬೇಕು, ಬರುವಾಗ ಒಂದು ಉತ್ತರವನ್ನು ತರಬೇಕು. ಪದವಿಗೆ ಆತುರಪಡದೆ ಚಿಕ್ಕದೊಂದು ಕೆಲಸವನ್ನು ವಹಿಸಿಕೊಳ್ಳಬೇಕು: ಹಾಜರಿಯನ್ನು ಬರೆಯುವುದಾಗಲಿ, ಹೊಸದಾಗಿ ಬಂದವಳನ್ನು ಜೊತೆಗೆ ಕರೆತರುವುದಾಗಲಿ. ಎರಡೂ ಊರುಗಳವರು ಕೂಡಿ ಮಗುವಿನ ಎತ್ತರ, ತೂಕ, ದೃಷ್ಟಿ, ಹಳೆಯ ಬೇನೆ, ಆಸ್ಪತ್ರೆಗೆ ಕಳುಹಿಸಿದ ದಿನ, ಹೋಗಿಬಂದ ದಿನ ಇವುಗಳನ್ನು ಬರೆಯುವ ಒಂದೇ ಮಾದರಿಯ ಪುಸ್ತಕವನ್ನು ಗೊತ್ತುಮಾಡಿದರೆ, ಶಾಲೆ ಬದಲಿಸಿದ ಮಗುವಿನೊಡನೆ ಅದರ ಆರೋಗ್ಯದ ಚರಿತ್ರೆಯೂ ಹೋಗುವುದು. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜು ಇರುವುದು. ಶುಶ್ರೂಷಾ ವಿದ್ಯಾಲಯಗಳೂ ಇರುವುವು. ಅಲ್ಲಿಯ ಬಲ್ಲವರನ್ನು ಒಬ್ಬಳು ಕರೆದರೆ ಬರಲು ಪುರುಸೊತ್ತಿರಲಿಕ್ಕಿಲ್ಲ. ಮೂವತ್ತು ಮಂದಿಯ ಕೂಟವು ಕರೆದರೆ ಬಂದಾರು. ಹಾಗೆಯೇ ಒಬ್ಬಳ ಅರ್ಜಿಯು ಕಚೇರಿಯ ಕಪಾಟಿನಲ್ಲಿ ಮಲಗುವುದು; ಹತ್ತು ಶಾಲೆಗಳ ಲೆಕ್ಕವನ್ನು ಕೂಡಿಸಿ, ಇಷ್ಟು ಮಕ್ಕಳಿಗೆ ಕನ್ನಡಕ ಬೇಕಾಗಿದೆ, ಇಷ್ಟು ಹುಡುಗಿಯರಿಗೆ ರಕ್ತಹೀನತೆಯಿದೆ ಎಂದು ಬರೆದರೆ ಅಧಿಕಾರಿಗಳು ಉತ್ತರ ಕೊಡಲೇಬೇಕಾಗುವುದು.

ಕಡೆಯದಾಗಿ, ಶಾಲೆಗಳನ್ನೂ ಪ್ರಸಾದ ನಿಲಯಗಳನ್ನೂ ನಡೆಯಿಸುವ ಮಹನೀಯರಿಗೆ ಒಂದು ಮಾತು. ಅನ್ನದಾಸೋಹವೂ ವಿದ್ಯಾದಾಸೋಹವೂ ಈ ನಾಡಿನಲ್ಲಿ ಹೆಸರಾಗಿವೆ. ಆದರೆ ಅನ್ನವನ್ನು ಉಂಡು ವಿದ್ಯೆಯನ್ನು ಕಲಿಯಬೇಕಾದ ಶರೀರವು ರುಗ್ಣವಾಗಿದ್ದರೆ ಎರಡೂ ವ್ಯರ್ಥವಾಗುವುವು. ನೂರಾರು ಮಕ್ಕಳಿರುವ ನಿಲಯದಲ್ಲಿ ಶುಶ್ರೂಷಕಿಯಿಲ್ಲದಿದ್ದರೆ ಒಬ್ಬಳನ್ನು ನೇಮಿಸಿರಿ. ನೇಮಿಸಿದ್ದರೆ ಆಕೆಗೆ ಒಂದು ಕೋಣೆ, ಒಂದು ಮಂಚ, ಬೀಗವಿರುವ ಒಂದು ಕಪಾಟು, ಇವಿಷ್ಟನ್ನು ಕೊಡಿರಿ. ಆಕೆಯನ್ನು ಗುಮಾಸ್ತೆಯ ಕೆಲಸಕ್ಕೆ ಹಚ್ಚಬೇಡಿರಿ. ಸಂಘದ ಕೂಟಕ್ಕೆ ಹೋಗುವ ದಿನ ಸಂಬಳವನ್ನು ಮುರಿಯಬೇಡಿರಿ. ಆ ಎರಡು ಗಂಟೆಗಳು ಶಾಲೆಗೆ ನಷ್ಟವಲ್ಲ. ಆಕೆ ಕಲಿತು ಬಂದದ್ದು ಮರುದಿನ ಮಕ್ಕಳಿಗೇ ಸಲ್ಲುತ್ತದೆ.

ಹರಿಹರದ ದಡದಲ್ಲಿ ಹರಿಯುವ ಹೊಳೆಯು ಮೇಲೆ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾದುದರಿಂದಲೇ ತುಂಗಭದ್ರೆಯೆನ್ನಿಸಿತು. ಬೇರೆಬೇರೆ ಹರಿದ ನೀರೇ ಕೂಡಿ ದೂರದ ಹೊಲಗಳಿಗೂ ಮುಟ್ಟಿತು. ಶುಶ್ರೂಷಕಿಯರೇ, ಕರೆಯುವವರಿಗಾಗಿ ಕಾಯಬೇಡಿರಿ. ಹತ್ತಿರದ ಶಾಲೆಯ ಸೋದರಿಯನ್ನು ಈ ವಾರವೇ ಕಂಡು ಮಾತನಾಡಿರಿ. ಇಬ್ಬರಾದರೆ ಸಂಘವು ಮೊದಲಾಯಿತೆಂದೇ ತಿಳಿಯಿರಿ. ಮಕ್ಕಳು ನಿರೋಗಿಗಳಾಗಿ, ದೃಢಕಾಯರಾಗಿ ಬಾಳಲಿ. ಅವರನ್ನು ಕಾಯುವ ಕೈಗಳು ಒಂದಾಗಲಿ. ಶುಭವಾಗಲಿ.