ಫೈಂಡರ್‌ನಲ್ಲಿ ಐದು ಜನ, ಫೋಟೋದಲ್ಲಿ ಮೂರು

 

ಇವತ್ತು ನಾನು ಹಾಳು ಮಾಡಿದ ಒಂದು ಫೋಟೋ ಕಥೆ ಹೇಳ್ತೀನಿ. ಕ್ಯಾಮೆರಾ ಕೆಟ್ಟಿರಲಿಲ್ಲ, ಲೆನ್ಸ್ ಚೆನ್ನಾಗೇ ಇತ್ತು, ಬೆಳಕೂ ಬೇಕಾದಷ್ಟಿತ್ತು. ಕ್ಯಾಮೆರಾದ ತಲೆ ಮೇಲೆ ಸಿಕ್ಕಿಸಿದ್ದ ಹೆಬ್ಬೆರಳು ಗಾತ್ರದ ಒಂದು ಗಾಜಿನ ಕಿಟಕಿಯನ್ನ ಪರೀಕ್ಷೆ ಮಾಡದೇ ನಂಬಿದ್ದೆ, ಅಷ್ಟೇ.

ತುಮಕೂರಿನಲ್ಲಿ ನಮ್ಮ ತಾತನ ದಿನಸಿ ಅಂಗಡಿ ಇತ್ತು. ಹನ್ನೊಂದಡಿ ಅಗಲ. ಮುಂದೆ ಕೌಂಟರ್, ಹಿಂದೆ ಗೋಡೆ ತುಂಬಾ ಡಬ್ಬಿಗಳು. ಮೊಣಕಾಲು ನೋವು ಜಾಸ್ತಿ ಆಯ್ತು, ಬಾಡಿಗೆಯೂ ಏರಿತು. ಹೋದ ವರ್ಷ ತಾತ, ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಬಾಗಿಲು ಹಾಕ್ತೀನಿ ಅಂದ್ಬಿಟ್ರು. ಆ ದಿನ ಅಂಗಡಿಯಲ್ಲಿ ಎಲ್ಲರೂ ನಿಂತು ಒಂದು ಫೋಟೋ ತೆಗೆಸ್ಕೋಬೇಕು ಅನ್ನೋದು ಅಜ್ಜಿ ಆಸೆ.

ಫೋನಲ್ಲಿ ತೆಗೀಬಹುದಿತ್ತು. 0.5 ಒತ್ತಿದ್ರೆ ಇಡೀ ಬೀದಿಯೇ ಬರ್ತಿತ್ತು. ಆದ್ರೆ ನನ್ನ ಮಾವ ಒಂದು ಹಳೇ ಲೈಕಾ ಎಂ8 ಕ್ಯಾಮೆರಾ ಕೈಗೆ ಕೊಟ್ಟಿದ್ರು, ಜೊತೆಗೆ 21 ಎಂಎಂ ಲೆನ್ಸ್. ನನಗೆ ತಲೆ ತಿರುಗಿತ್ತು. ಡಿಜಿಟಲ್ ಕ್ಯಾಮೆರಾ ಆದ್ರೂ ಫಿಲ್ಮ್ ಕಾಲದವರ ಥರ ತೆಗೀಬೇಕು ಅಂತ ಹಿಂದಿನ ಸ್ಕ್ರೀನ್‌ಗೆ ಕಪ್ಪು ಟೇಪ್ ಅಂಟಿಸಿದ್ದೆ. ಹೌದು, ಅಂಥಾ ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬಳಾಗಿದ್ದೆ.

ರೇಂಜ್‌ಫೈಂಡರ್ ಅಂದ್ರೆ ಏನು?

ಫೋನಲ್ಲಿ ನೀವು ಸ್ಕ್ರೀನ್ ಮೇಲೆ ನೋಡೋದು ಲೆನ್ಸ್ ನೋಡಿದ್ದನ್ನೇ. ರೇಂಜ್‌ಫೈಂಡರ್‌ನಲ್ಲಿ ಹಾಗಲ್ಲ. ಕ್ಯಾಮೆರಾದ ಮೂಲೆಯಲ್ಲಿ ಬೇರೆಯೇ ಒಂದು ಕಿಟಕಿ ಇರುತ್ತೆ, ನೀವು ಅದರ ಮೂಲಕ ನೋಡ್ತೀರಿ. ಮಧ್ಯದಲ್ಲಿ ಒಂದು ಸಣ್ಣ ಚೌಕ, ಅದರೊಳಗೆ ಎರಡು ಬಿಂಬ. ಲೆನ್ಸ್ ತಿರುಗಿಸ್ತಾ ಎರಡೂ ಒಂದರ ಮೇಲೊಂದು ಕೂತಾಗ ಫೋಕಸ್ ಸರಿಯಾಯ್ತು ಅಂತ ಅರ್ಥ. ಸುತ್ತ ಬಿಳಿ ಗೆರೆಗಳು ಕಾಣ್ತವೆ. ಫೋಟೋ ಎಲ್ಲಿವರೆಗೆ ಬರುತ್ತೆ ಅನ್ನೋದನ್ನ ಆ ಗೆರೆ ಹೇಳುತ್ತೆ.

ಡಿಜಿಟಲ್ ರೇಂಜ್‌ಫೈಂಡರ್‌ಗಳಲ್ಲಿ ಮೊದಲು ಬಂದಿದ್ದು 2004ರ ಎಪ್ಸನ್ ಆರ್-ಡಿ1. 2006ರಲ್ಲಿ ಲೈಕಾ ಎಂ8 ಬಂತು, 2009ರಲ್ಲಿ ಎಂ9. ಈ ಕಿಟಕಿಗೆ ಒಂದು ಮಿತಿ ಇದೆ. ಎಂ8ನಲ್ಲಿ ಅತಿ ಅಗಲದ ಗೆರೆ 24 ಎಂಎಂ ಲೆನ್ಸ್‌ಗೆ, ಎಂ9ನಲ್ಲಿ 28ಕ್ಕೆ. ಅದಕ್ಕಿಂತ ಅಗಲವಾಗಿ ನೋಡೋ ಲೆನ್ಸ್ ಹಾಕಿದ್ರೆ ಗೆರೆಯೇ ಇಲ್ಲ. ನನ್ನಂಗೆ ಕನ್ನಡಕ ಹಾಕೋರಿಗೆ ಕಿಟಕಿಯ ಅಂಚೂ ಪೂರ್ತಿ ಕಾಣಲ್ಲ.

ಆಗ ಬೇಕಾಗೋದು ಹೊರಗಿನ ಆಪ್ಟಿಕಲ್ ಫೈಂಡರ್. ಫ್ಲ್ಯಾಶ್ ಸಿಕ್ಕಿಸೋ ಜಾಗ ಇರುತ್ತಲ್ಲ, ಹಾಟ್ ಶೂ, ಅದರಲ್ಲಿ ತಳ್ಳಿ ಕೂರಿಸೋದು. ಬ್ಯಾಟರಿ ಇಲ್ಲ, ವೈರ್ ಇಲ್ಲ. ಬರೀ ಗಾಜು ಮತ್ತು ಒಂದು ಚೌಕಟ್ಟು. ಕ್ಯಾಮೆರಾಗೆ ಅದು ಅಲ್ಲಿದೆ ಅಂತಾನೂ ಗೊತ್ತಿರಲ್ಲ.

ನನ್ನ ಲೆನ್ಸ್ ಮೇಲೆ 21 ಅಂತ ಬರೆದಿತ್ತು. ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಫೈಂಡರ್ ಹುಡುಕಿದೆ, ಅದರ ಮೇಲೂ 21. ನಂಬರ್‌ಗೆ ನಂಬರ್ ಸರಿಹೋಯ್ತು ಅಂತ ಖುಷಿಯಾಗಿ ತಗೊಂಡೆ.

ಮಾರ್ಚ್ 31

ಕೌಂಟರ್ ಹಿಂದೆ ಐದು ಜನ ನಿಂತ್ರು. ಎಡಗಡೆ ತುದಿಗೆ ಅಮ್ಮ, ಆಮೇಲೆ ಅಪ್ಪ, ಮಧ್ಯದಲ್ಲಿ ಗಲ್ಲಾಪೆಟ್ಟಿಗೆ ಹತ್ರ ತಾತ, ಪಕ್ಕದಲ್ಲಿ ಅಜ್ಜಿ. ಬಲಗಡೆ ತುದಿಗೆ, ತಕ್ಕಡಿ ಹತ್ರ, ನಾವೆಲ್ಲ ಅಣ್ಣ ಅಂತ ಕರೆಯೋ ಒಬ್ಬರು. ತಾತನ ಜೊತೆ ಮೂವತ್ತು ವರ್ಷ ಆ ಅಂಗಡಿಯಲ್ಲಿ ಸಾಮಾನು ಕಟ್ಟಿದವರು. ನಾನು ಸ್ಕೂಲಿಂದ ಬಂದ್ರೆ ಕೈಗೆ ಒಂದು ಬೆಲ್ಲದ ಚೂರು ಇಡ್ತಿದ್ರು.

ನಾನು ಎರಡು ಮೀಟರ್ ದೂರದಲ್ಲಿದ್ದೆ. ಹಿಂದೆ ಸರಿದ್ರೆ ಚರಂಡಿ, ಅದರಾಚೆ ರಸ್ತೆ. ಫೈಂಡರ್‌ನಲ್ಲಿ ಎಲ್ಲರೂ ಆರಾಮಾಗಿ ಕಾಣ್ತಿದ್ರು, ಎರಡೂ ಕಡೆ ಸ್ವಲ್ಪ ಜಾಗವೂ ಉಳಿದಿತ್ತು. ಹತ್ತು ಹನ್ನೆರಡು ಫೋಟೋ ತೆಗೆದೆ. ಸಂಜೆ ಡಬ್ಬಿಗಳನ್ನ ಟೆಂಪೋಗೆ ತುಂಬಿದ್ರು.

ರಾತ್ರಿ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದ್ರೆ, ಫೋಟೋದಲ್ಲಿ ಅಪ್ಪ, ತಾತ, ಅಜ್ಜಿ. ಎಡಗಡೆ ಅಮ್ಮನ ಸೀರೆ ಸೆರಗು. ಬಲಗಡೆ ತಕ್ಕಡಿ ಮೇಲೆ ಒಂದು ಕೈ. ಅಣ್ಣನ ಕೈ. ಮುಖ ಇಲ್ಲ. ಹನ್ನೆರಡರಲ್ಲೂ ಇದೇ.

ಮಾವನಿಗೆ ಫೋನ್ ಮಾಡಿದೆ. ಅವರು ಒಂದೇ ಮಾತು ಕೇಳಿದ್ರು: "ಸೆನ್ಸರ್ ಎಷ್ಟು ದೊಡ್ಡದು ಅಂತ ನೋಡಿದ್ಯಾ?"

ಲೆಕ್ಕ ತಪ್ಪಿದ್ದು ಎಲ್ಲಿ?

ಇಲ್ಲಿ ಸ್ವಲ್ಪ ಗಮನ ಕೊಡಿ. ಫಿಲ್ಮ್ ಚೌಕಟ್ಟಿನ ಅಗಲ 36 ಮಿಲಿಮೀಟರ್. 21 ಅಂತ ಬರೆದಿರೋ ಫೈಂಡರ್ ಆ ಅಗಲಕ್ಕೆ ಮಾಡಿದ್ದು. ಎಂ8ನ ಸೆನ್ಸರ್ ಅಗಲ ಬರೀ 27. ಲೆನ್ಸ್ ಅದೇ ಚಿತ್ರ ಬೀಳಿಸುತ್ತೆ, ಸೆನ್ಸರ್ ಅದರ ನಡುವಿನ ಭಾಗ ಮಾತ್ರ ಹಿಡಿಯುತ್ತೆ. 36ನ್ನ 27ರಿಂದ ಭಾಗಿಸಿ, 1.33 ಬರುತ್ತೆ. 21ನ್ನ ಅದರಿಂದ ಗುಣಿಸಿ, 28. ಅಂದ್ರೆ ನನ್ನ 21ರ ಲೆನ್ಸ್‌ಗೆ ಎಂ8 ಮೇಲೆ ಬೇಕಾಗಿದ್ದಿದ್ದು 28ರ ಫೈಂಡರ್.

ಎರಡು ಮೀಟರ್ ದೂರದಿಂದ 21ರ ಫೈಂಡರ್ ಸುಮಾರು 3.4 ಮೀಟರ್ ಅಗಲ ತೋರಿಸುತ್ತೆ. ಎಂ8ನ ಸೆನ್ಸರ್‌ಗೆ ಬೀಳೋದು ಸುಮಾರು 2.6 ಮೀಟರ್. ಪ್ರತಿ ಕಡೆ 40 ಸೆಂಟಿಮೀಟರ್‌ಗಿಂತ ಜಾಸ್ತಿ ಮಾಯ. ಒಬ್ಬ ಮನುಷ್ಯ ಸ್ವಲ್ಪ ಓರೆಯಾಗಿ ನಿಂತ್ರೆ ಹಿಡಿಯೋವಷ್ಟು ಜಾಗ ಅದು. ಎಡಕ್ಕೊಬ್ಬರು, ಬಲಕ್ಕೊಬ್ಬರು ಹೋದ್ರು.

ಎಂ9 ಥರ ಪೂರ್ತಿ 36 ಮಿಲಿಮೀಟರ್ ಸೆನ್ಸರ್ ಇರೋ ಕ್ಯಾಮೆರಾ ಆಗಿದ್ರೆ ಅದೇ ಫೈಂಡರ್ ಸರಿಹೋಗ್ತಿತ್ತು. ಸೆನ್ಸರ್ ಇನ್ನೂ ಚಿಕ್ಕದಿರೋ ಎಪ್ಸನ್ ಆಗಿದ್ರೆ ಇನ್ನೂ ಜಾಸ್ತಿ ಕತ್ತರಿಸ್ತಿತ್ತು.

ನಾನು ಬಿ.ಕಾಂ. ಓದಿದೋಳು. ಬ್ಯಾಂಕ್ ರೀಕನ್ಸಿಲಿಯೇಶನ್ ಸ್ಟೇಟ್‌ಮೆಂಟ್ ನೆನಪಿದ್ಯಾ? ನಮ್ಮ ಕ್ಯಾಶ್ ಬುಕ್‌ನಲ್ಲಿ ಒಂದು ಮೊತ್ತ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು. ಯಾರೂ ಮೋಸ ಮಾಡಿರಲ್ಲ. ವ್ಯತ್ಯಾಸ ಯಾಕೆ ಬಂತು ಅಂತ ಸಾಲು ಸಾಲಾಗಿ ಬರೆದು ತಾಳೆ ಹಾಕೋದು ನಮ್ಮ ಕೆಲಸ. ಫೈಂಡರ್ ನನ್ನ ಕ್ಯಾಶ್ ಬುಕ್, ಸ್ಕ್ರೀನ್ ಪಾಸ್‌ಬುಕ್. ನಾನು ಪಾಸ್‌ಬುಕ್‌ಗೇ ಟೇಪ್ ಅಂಟಿಸಿ ಕೂತಿದ್ದೆ! ಫಿಲ್ಮ್ ಕಾಲದವರಿಗೆ ತಾಳೆ ನೋಡೋಕೆ ರೀಲ್ ತೊಳೆಯೋವರೆಗೂ ಕಾಯಬೇಕಿತ್ತು. ನನಗೆ ಎರಡು ಸೆಕೆಂಡ್ ಸಾಕಿತ್ತು.

ತಾಳೆ ಹಾಕೋದು ಹೇಗೆ?

ಈಗ ನಾನು ಮಾಡೋದು ಹೇಳ್ತೀನಿ. ಯಾವ ಹೊಸ ಫೈಂಡರ್ ಸಿಕ್ಕಿದ್ರೂ ಮೊದಲು ಟೈಲ್ಸ್ ಹಾಕಿರೋ ಗೋಡೆ ಮುಂದೆ ಟ್ರೈಪಾಡ್ ಇಡ್ತೀನಿ. ಎರಡು ಮೀಟರ್ ದೂರ. ಫೈಂಡರ್‌ನಲ್ಲಿ ಅಡ್ಡಕ್ಕೆ ಎಷ್ಟು ಟೈಲ್ಸ್ ಕಾಣ್ತವೆ, ಉದ್ದಕ್ಕೆ ಎಷ್ಟು, ಎಣಿಸಿ ಬರ್ಕೋತೀನಿ. ಫೋಟೋ ತೆಗೆದು ಸ್ಕ್ರೀನ್ ಮೇಲೆ ಎಣಿಸ್ತೀನಿ. ಆಮೇಲೆ ಒಂದು ಮೀಟರ್ ದೂರಕ್ಕೆ ಬಂದು ಅದೇ ಕೆಲಸ.

ಹತ್ತಿರ ಬಂದಾಗ ಇನ್ನೊಂದು ವ್ಯತ್ಯಾಸ ಸಿಗುತ್ತೆ. ಫೈಂಡರ್ ಇರೋದು ಲೆನ್ಸ್‌ಗಿಂತ ಕೆಲವು ಸೆಂಟಿಮೀಟರ್ ಮೇಲೆ. ದೂರದ ಬೆಟ್ಟಕ್ಕೆ ಅದು ಲೆಕ್ಕಕ್ಕಿಲ್ಲ. ಒಂದು ಮೀಟರ್‌ನಲ್ಲಿ ನಿಂತ ಮನುಷ್ಯನಿಗೆ ತಲೆಕೂದಲು ಹಾರಿಹೋಗುತ್ತೆ. ಇದಕ್ಕೆ ಪ್ಯಾರಲ್ಯಾಕ್ಸ್ ಅಂತಾರೆ. ಕೆಲವು ಫೈಂಡರ್‌ಗಳಲ್ಲಿ ಮೇಲಿನ ಗೆರೆಯ ಕೆಳಗೆ ಇನ್ನೊಂದು ಗುರುತು ಇರುತ್ತೆ, ಹತ್ತಿರದವರ ತಲೆ ಅದರೊಳಗೆ ಇರಬೇಕು. ಲೈಕಾದವರ ದೊಡ್ಡದೊಂದು ಫೈಂಡರ್ ಇದೆ, ಅದರ ಆಕಾರ ನೋಡಿ ಜನ ಫ್ರಾಂಕನ್‌ಫೈಂಡರ್ ಅಂತ ಹೆಸರಿಟ್ಟಿದ್ದಾರೆ. 16ರಿಂದ 28ರವರೆಗೆ ಅದರಲ್ಲೇ ಬದಲಾಯಿಸಬಹುದು, ದೂರಕ್ಕೆ ತಕ್ಕಂತೆ ಪ್ಯಾರಲ್ಯಾಕ್ಸ್ ಸರಿ ಮಾಡಬಹುದು, ಮೇಸ್ತ್ರಿಗಳ ರಸಮಟ್ಟದಲ್ಲಿರೋ ಥರ ಗುಳ್ಳೆಯೂ ಇದೆ.

ಇನ್ನೆರಡು ಎಚ್ಚರಿಕೆ. ಒಂದು, ಹೊರಗಿನ ಫೈಂಡರ್‌ನಲ್ಲಿ ಎಲ್ಲವೂ ಸ್ಪಷ್ಟವಾಗೇ ಕಾಣುತ್ತೆ, ಫೋಕಸ್ ಆಗಿದ್ಯೋ ಇಲ್ವೋ ಗೊತ್ತಾಗಲ್ಲ. ಮೊದಲು ಒಳಗಿನ ಕಿಟಕಿಯಲ್ಲಿ ಫೋಕಸ್, ಆಮೇಲೆ ಮೇಲಿನದರಲ್ಲಿ ಚೌಕಟ್ಟು. ಹೊರಗೆ ಬಿಸಿಲಿದ್ರೆ ನಾನು 21ರ ಲೆನ್ಸ್‌ನ f/8ಗೆ, ಎರಡು ಮೀಟರ್‌ಗೆ ಇಟ್ಟುಬಿಡ್ತೀನಿ. ಸುಮಾರು ಒಂದೂಕಾಲು ಮೀಟರ್‌ನಿಂದ ಹತ್ತು ಮೀಟರ್‌ವರೆಗೆ ಚೆನ್ನಾಗಿ ಬರುತ್ತೆ. ಎರಡು, ಲೆನ್ಸ್ ಕ್ಯಾಪ್ ಹಾಕಿದ್ರೂ ಈ ಫೈಂಡರ್‌ನಲ್ಲಿ ಜಗತ್ತು ಝಗಝಗ ಅಂತಿರುತ್ತೆ. ಮೀಟರ್‌ನ ಕೆಂಪು ದೀಪ ಇಲ್ಲಿ ಕಾಣಲ್ಲ. ನಗಬೇಡಿ, ನಿಮಗೂ ಆಗುತ್ತೆ.

ಇಷ್ಟೆಲ್ಲಾ ಯಾಕೆ ಬೇಕು?

2012ರಲ್ಲಿ ಲೈಕಾದವರು ಎಂ 240 ಪ್ರಕಟಿಸಿದಾಗಿಂದ ಲೈವ್ ವ್ಯೂ ಇದೆ, ಲೆನ್ಸ್ ನೋಡೋದನ್ನೇ ಸ್ಕ್ರೀನ್‌ನಲ್ಲಿ ನೋಡಬಹುದು. ಅದೇ ಹಾಟ್ ಶೂಗೆ ಎಲೆಕ್ಟ್ರಾನಿಕ್ ಫೈಂಡರ್ ಕೂಡ ಹಾಕಬಹುದು. ತಾಳೆ ಹಾಕೋ ರಗಳೆಯೇ ಇಲ್ಲ. ಅದು ಬೇಕು ಅನ್ನೋರು ಧಾರಾಳವಾಗಿ ಬಳಸಿ.

ನಾನು ಇನ್ನೂ ಗಾಜಿನದ್ದನ್ನೇ ಬಳಸ್ತೀನಿ. ಮಟಮಟ ಮಧ್ಯಾಹ್ನ ಸ್ಕ್ರೀನ್ ಕಾಣದೇ ಇರೋ ಹೊತ್ತಲ್ಲೂ ಅದು ಕಾಣುತ್ತೆ. ತಡವಾಗಿ ತೋರಿಸಲ್ಲ, ಬ್ಯಾಟರಿ ತಿನ್ನಲ್ಲ. ಗೆರೆಯ ಆಚೆಗೂ ಸ್ವಲ್ಪ ಕಾಣೋದ್ರಿಂದ ಯಾರು ಒಳಗೆ ಬರ್ತಿದ್ದಾರೆ ಅಂತ ಮೊದಲೇ ಗೊತ್ತಾಗುತ್ತೆ. ಲೈಕಾದವರ ಹಳೇ 50ರ ಫೈಂಡರ್‌ನಲ್ಲಿ ಎಲ್ಲವೂ ನಿಜ ಗಾತ್ರದಲ್ಲಿ ಕಾಣುತ್ತೆ, ಹಾಗಾಗಿ ಎರಡೂ ಕಣ್ಣು ತೆರೆದೇ ನೋಡಬಹುದು. ಎದುರಿಗಿರೋರ ಮೇಲೆ ಒಂದು ಬಿಳಿ ಚೌಕಟ್ಟು ತೇಲ್ತಾ ಇದ್ದಂಗೆ. ಆಗ ನಾನು ಫೋಟೋ ನೋಡ್ತಿರಲ್ಲ, ಅವರನ್ನ ನೋಡ್ತಿರ್ತೀನಿ. ಹೋದ ವರ್ಷದ ತಪ್ಪು ಆದ್ಮೇಲೂ ಅದನ್ನ ಬಿಡೋಕೆ ಮನಸ್ಸಿಲ್ಲ.

ಟೇಪ್ ಮಾತ್ರ ಕಿತ್ತುಹಾಕಿದೆ. ಮೊದಲ ಫೋಟೋ ಸ್ಕ್ರೀನ್‌ನಲ್ಲಿ ನೋಡ್ತೀನಿ, ತುದಿಗಳನ್ನ ನೋಡ್ತೀನಿ, ಆಮೇಲೆ ಫೈಂಡರ್‌ನ ನಂಬ್ತೀನಿ.

ಅಮ್ಮನಿಗೆ ಫೋಟೋ ತೋರಿಸಿ ಸಾರಿ ಅಂದೆ. "ನನ್ನದು ಬಿಡು, ಮನೇಲಿ ಬೇಕಾದಷ್ಟಿವೆ. ಆ ಅಂಗಡೀಲಿ ಅವರದ್ದು ಒಂದೂ ಇಲ್ವಲ್ಲೇ" ಅಂದ್ರು. ಹುಡುಕಿದ್ವಿ. ನಿಜವಾಗ್ಲೂ ಒಂದೂ ಇರಲಿಲ್ಲ. ಮೂವತ್ತು ವರ್ಷ ಯಾರೂ ತೆಗೆದಿರಲಿಲ್ಲ.

ಫೈಂಡರ್ ಬದಲಾಯಿಸಿ 28ರದ್ದು ತಗೊಂಡೆ. ಆ ಹಾಳಾದ ಫೋಟೋದ ಪ್ರಿಂಟ್ ಹಾಕಿಸ್ಕೊಂಡು ಅಣ್ಣನ ಮನೆಗೆ ಹೋದೆ. ಅವರು ತುಂಬಾ ಹೊತ್ತು ನೋಡಿದ್ರು. "ಬಿಡವ್ವ, ತಕ್ಕಡಿ ಮೇಲೆ ಕೈ ಬಂದೈತಲ್ಲ. ನಂದೇ ಅಂತ ಗೊತ್ತಾಯ್ತದೆ" ಅಂದ್ರು. ಆಮೇಲೆ ಅವರ ಮನೆ ಜಗಲಿ ಮೇಲೆ, ಹೆಂಡತಿ ಮತ್ತೆ ಇಬ್ಬರು ಮೊಮ್ಮಕ್ಕಳ ಜೊತೆ ಒಂದು ಫೋಟೋ ತೆಗೆದೆ. ಮೊದಲನೇದು ತೆಗೆದು, ಸ್ಕ್ರೀನ್ ನೋಡಿ, ತುದಿಯಲ್ಲಿದ್ದ ಮೊಮ್ಮಗಳನ್ನ ಸ್ವಲ್ಪ ಒಳಗೆ ಬಾ ಅಂತ ಕರೆದೆ. ನಾಲ್ಕು ಜನರೂ ಪೂರ್ತಿ ಬಂದಿದ್ದಾರೆ. ಹಿಂದೆ ಡಬ್ಬಿಗಳಿಲ್ಲ, ತಕ್ಕಡಿ ಇಲ್ಲ.

ನಿಮ್ಮ ಮನೆ ಗ್ರೂಪ್ ಫೋಟೋಗಳನ್ನ ಇವತ್ತು ಒಂದ್ಸಲ ತೆಗೆದು ನೋಡಿ. ತುದೀಲಿ ಯಾರು ನಿಂತಿದ್ದಾರೆ, ಪೂರ್ತಿ ಬಂದಿದ್ದಾರಾ ಅಂತ. ಬಂದಿಲ್ಲ ಅಂದ್ರೆ, ಅವರು ಇರೋವಾಗಲೇ ಹೋಗಿ ಇನ್ನೊಂದು ತೆಗೀರಿ. ಫೋನ್ ಆದ್ರೂ ಸಾಕು.